ಎದುರಾಳಿ ಹೂಂ ಅನ್ನುವವರೆಗೆ

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅಂತ ಗಾದೆ. ಆ ಲೆಕ್ಕದಲ್ಲಿ ನಮ್ಮ ಡಿಬೇಟ್ ಮಿಸ್ಸಿಗೆ ನಾಲ್ಕು ಬರಗಾಲ ಒಟ್ಟಿಗೆ ಬಂದರೂ ಚಿಂತೆಯಿರಲಿಲ್ಲ. ಶಾಲೆಯವರು ಅವರನ್ನು ತೆಗೆದುಕೊಂಡಿದ್ದು ಇತಿಹಾಸ ಕಲಿಸಲಿ ಅಂತ. ಆದರೆ ಶನಿವಾರ ಮಧ್ಯಾಹ್ನ, ಉಳಿದ ಟೀಚರುಗಳು ಚೀಲ ಹೆಗಲಿಗೇರಿಸಿ ಮನೆಯ ದಾರಿ ಹಿಡಿಯುವ ಹೊತ್ತಿಗೆ, ಅವರ ನಿಜವಾದ ಕೆಲಸ ಶುರುವಾಗುತ್ತಿತ್ತು. ಚರ್ಚಾಸ್ಪರ್ಧೆಗೆ ಹೋಗುವ ಮಕ್ಕಳನ್ನು ವಿಜ್ಞಾನದ ಲ್ಯಾಬಿನಲ್ಲಿ ಕೂರಿಸಿಕೊಂಡು ವಾದ ಮಾಡುವುದನ್ನು ಕಲಿಸುತ್ತಿದ್ದರು. ಲ್ಯಾಬೇ ಯಾಕೆಂದರೆ ಆ ಹೊತ್ತಿಗೆ ಬೀಗ ಬೀಳದೆ ಉಳಿಯುತ್ತಿದ್ದ ಕೋಣೆ ಅದೊಂದೇ. ಸಿಂಕಿನ ನಲ್ಲಿ ಸದಾ ತೊಟ್ಟಿಕ್ಕುತ್ತಿತ್ತು, ಮೂಲೆಯಲ್ಲಿ ಒಂದು ಅಸ್ಥಿಪಂಜರ ನಿಂತಿತ್ತು. ಮಿಸ್ಸಿನ ಮಾತು ಕೇಳಿ ಕೇಳಿಯೇ ಅದು ಹಾಗಾಗಿದ್ದು ಎಂದು ಮಕ್ಕಳು ಪಿಸುಗುಡುತ್ತಿದ್ದರು. ಮಿಸ್ಸಿಗೂ ಅದು ಗೊತ್ತಿತ್ತು.

ಮಿಸ್ಸಿನ ಪಾಠದಲ್ಲಿ ಒಂದು ನಿಯಮವಿತ್ತು. ಎದುರಾಳಿ ಹೇಳಿದ್ದನ್ನು ಖಂಡಿಸುವ ಮೊದಲು ಅದನ್ನು ನಿಮ್ಮ ಬಾಯಿಂದ ಒಮ್ಮೆ ಹೇಳಬೇಕು. ತಿರುಚಿ ಅಲ್ಲ, ಗೇಲಿ ಮಾಡಿ ಅಲ್ಲ. ಎದುರಾಳಿ ಕೇಳಿಸಿಕೊಂಡು, "ಹೂಂ, ನಾನು ಹೇಳಿದ್ದು ಅದೇ" ಅನ್ನಬೇಕು. ಅವನು ಹೂಂ ಅನ್ನುವವರೆಗೆ ನಿಮಗೆ ಉತ್ತರ ಕೊಡುವ ಹಕ್ಕಿಲ್ಲ. ಮಕ್ಕಳು ಇದನ್ನು 'ಹೂಂ ನಿಯಮ' ಎಂದು ಕರೆಯುತ್ತಿದ್ದರು. ಬೇರೆ ಶಾಲೆಗಳಲ್ಲಿ ಇಂಥ ರಗಳೆ ಇರಲಿಲ್ಲ. ಅಲ್ಲಿ ಹೊಡೆಯುವುದನ್ನೇ ಮೊದಲು ಕಲಿಸುತ್ತಿದ್ದರು. ಒಂದು ವರ್ಷದ ಫೈನಲ್ಲಿನಲ್ಲಂತೂ ತೀರ್ಪುಗಾರರೊಬ್ಬರು ಮಿಸ್ಸನ್ನು ಪಕ್ಕಕ್ಕೆ ಕರೆದು, "ನಿಮ್ಮ ಮಕ್ಕಳು ಎದುರಾಳಿಯ ವಾದವನ್ನ ಎದುರಾಳಿಗಿಂತ ಚೆನ್ನಾಗಿ ಹೇಳಿದ್ರು. ನನಗೆ ಅದೇ ಸರಿ ಅನ್ನಿಸಿಬಿಡ್ತು. ಅವರಿಗೇ ಕೊಟ್ಟುಬಿಟ್ಟೆ" ಎಂದಿದ್ದರು. ಬಾಯಿಗೆ ಬಂದ ತುತ್ತು ಜಾರಿತ್ತು. ಹೆಡ್‌ಮಿಸ್ಟ್ರೆಸ್ ವಾರವಿಡೀ ಮುಖ ಊದಿಸಿಕೊಂಡಿದ್ದರು. ಮಿಸ್ ನಿಯಮ ಬಿಡಲಿಲ್ಲ.

ಆ ಶನಿವಾರ ಸಮವಸ್ತ್ರ ಬೇಕೋ ಬೇಡವೋ ಎಂಬ ವಿಷಯ ನಡೆದಿತ್ತು. ಬೇಡ ಎನ್ನುವ ಕಡೆ ಮೈಕು. ಧ್ವನಿವರ್ಧಕದ ಅಗತ್ಯವಿಲ್ಲದ ಗಂಟಲು ಅವನದು, ಅದಕ್ಕೇ ಆ ಹೆಸರು. ಬೇಕು ಎನ್ನುವ ಕಡೆ 'ಆದ್ರೆ'. ಈ ಹುಡುಗಿ ಬೆಳಗಿನ ನಮಸ್ಕಾರಕ್ಕೂ "ಆದ್ರೆ" ಎಂದೇ ಉತ್ತರ ಶುರುಮಾಡುವವಳು ಎಂದು ಗೆಳತಿಯರ ದೂರು.

"ನೀನು ಹೇಳೋದೇನು ಅಂದ್ರೆ, ಸಮವಸ್ತ್ರ ಇದ್ರೆ ಶಿಸ್ತು ಬರುತ್ತೆ ಅಂತ," ಮೈಕು ಶುರುಮಾಡಿದ.

"ಅಲ್ಲ."

"ಎಲ್ಲರೂ ಸಮಾನ ಅಂತ ತೋರುತ್ತೆ."

"ಅದೂ ಅಲ್ಲ. ಅದು ಪುಸ್ತಕದಲ್ಲಿರೋದು."

"ಮತ್ತೆ ಇನ್ನೇನೇ ಮಾರಾಯ್ತಿ?"

'ಆದ್ರೆ' ಒಮ್ಮೆ ಸಿಂಕಿನ ಕಡೆ ನೋಡಿದಳು. "ನನಗೆ ಬರೋದೆಲ್ಲ ನಮ್ಮಕ್ಕನ ಹಳೇ ಬಟ್ಟೆ. ಸಮವಸ್ತ್ರದಲ್ಲಿ ಅದು ಯಾರಿಗೂ ಗೊತ್ತಾಗಲ್ಲ."

ಮೈಕುವಿನ ಗಂಟಲು ಮೊದಲ ಸಲ ಸಣ್ಣದಾಯಿತು. ಅವನು ಆ ಮಾತನ್ನು ಮೆಲ್ಲಗೆ, ಒಂದು ಅಕ್ಷರ ಹೆಚ್ಚುಕಡಿಮೆ ಮಾಡದೆ ತಿರುಗಿ ಹೇಳಿದ. ಅವಳು ಹೂಂ ಅಂದಳು. ಆಮೇಲೆ ಅವನು ವಾದ ಮಾಡಿದ, ಮಾಡಲಿಲ್ಲ ಅಂತಲ್ಲ. ಆದರೆ ಆ ವಾದಕ್ಕೆ ಉಗುರು ಇರಲಿಲ್ಲ. ಮಿಸ್ಸಿಗೆ ಬೇಕಾಗಿದ್ದುದು ಇದೇ.

"ಮಿಸ್," ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಮಿಸ್ಸಿನ ಮಗಳದು. ಅವಳು ಅದೇ ಶಾಲೆಯ ಹತ್ತನೇ ತರಗತಿ. ಮನೆಯಲ್ಲಿ ಅಮ್ಮ ಎಂದೂ ಲ್ಯಾಬಿನಲ್ಲಿ ಮಿಸ್ ಎಂದೂ ಕರೆದು ಎರಡು ದೋಣಿಯಲ್ಲಿ ಕಾಲಿಟ್ಟವಳು. "ಈ ನಿಯಮ ಸ್ಪರ್ಧೆಗೆ ಮಾತ್ರನಾ, ಮನೇಗೂ ಉಂಟಾ?"

"ಎಲ್ಲಾ ಕಡೆಗೂ ಉಂಟು."

"ಹಾಗಾದ್ರೆ ಅಜ್ಜಿ ಯಾವತ್ತು ಹೂಂ ಅಂದ್ರು ಮಿಸ್?"

ಲ್ಯಾಬು ಗೊಳ್ಳೆಂದಿತು. ಮಿಸ್ಸೂ ನಕ್ಕರು. ನಕ್ಕು, ಬೆಲ್ ಒತ್ತಿ, ಮುಂದಿನ ಜೋಡಿಯನ್ನು ಕರೆದರು. ಆದರೆ ಮಾತು ನಾಟಬೇಕಾದಲ್ಲಿ ನಾಟಿತ್ತು.

ಮನೆಯ ಕಥೆ ಹೀಗೆ. ಮನೆಯಲ್ಲಿ ನಾಲ್ಕು ಜನ: ಮಿಸ್, ಮಗಳು, ಲಿಫ್ಟ್ ಮೆಕ್ಯಾನಿಕ್ ಆಗಿರುವ ಗಂಡ, ಗಂಡನ ತಾಯಿ. ಈ ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೋರ್ಡಿನ ತೂತುಗಳಿಗೆ ತಂತಿ ಚುಚ್ಚಿ, ಊರವರ ಮಾತನ್ನು ಊರವರಿಗೆ ಮುಟ್ಟಿಸುವ ಕೆಲಸ. ಬಂದ ಕರೆಯನ್ನು ಮುಟ್ಟಿಸದೆ ಬಿಡಬಾರದು, ಕಿವಿಗೆ ಬಿದ್ದದ್ದನ್ನು ಬಾಯಿಗೆ ತರಬಾರದು. ಅಲ್ಲಿ ಕಲಿತ ಈ ಎರಡು ಪಾಠಗಳನ್ನು ಅತ್ತೆ ಮನೆಗೂ ತಂದಿದ್ದರು. ಸೊಸೆ ಹತ್ತು ಮಾತಾಡಿ ಮುಗಿಸುವ ಹೊತ್ತಿಗೆ ಅತ್ತೆ ಒಂದು ಮಾತಾಡಿದ್ದರೆ ಹೆಚ್ಚು. ಆದರೂ ಅತ್ತೆ ಸೊಸೆಯ ನಡುವೆ ಒಂದು ದಿನ ಜಗಳ ಅಂತ ಕಂಡವರಿಲ್ಲ. ಬೆಳಗ್ಗೆ ಅತ್ತೆಯ ಕೈಗೆ ಟೀ ಕೊಡುವುದು ಸೊಸೆಯೇ. ಸಂಜೆ ಸೊಸೆಯ ಹೆಜ್ಜೆ ಮೆಟ್ಟಿಲಲ್ಲಿ ಕೇಳಿದೊಡನೆ ಬಾಗಿಲು ತೆರೆದು ನಿಲ್ಲುವುದು ಅತ್ತೆಯೇ. ನೆರೆಯವರಿಗೆ ಹೊಟ್ಟೆಯುರಿ ಬರುವಷ್ಟು ಅನ್ಯೋನ್ಯ.

ಈಗ ಅತ್ತೆಯ ಪಿತ್ತಕೋಶದಲ್ಲಿ ಕಲ್ಲು. ನೋವು ಬಂದಾಗ ಆ ಗಟ್ಟಿ ಹೆಂಗಸು ಕೂಡ ಬಾಗಿಲ ಚೌಕಟ್ಟು ಹಿಡಿದು ನೆಲಕ್ಕೆ ಕುಸಿಯುತ್ತಿದ್ದರು. ಸರ್ಜನ್ ಸ್ಪಷ್ಟವಾಗಿ ಹೇಳಿದ್ದರು: ಸಣ್ಣ ಆಪರೇಷನ್, ಮಾಡಿಸಿದರೆ ಏನೂ ಇಲ್ಲ, ಬಿಟ್ಟು ಒಡೆದರೆ ಜೀವಕ್ಕೆ ಹೊಣೆ ನಾನಲ್ಲ. ಅತ್ತೆ ಒಲ್ಲೆ ಎಂದರು. ಯಾಕೆ ಅಂದರೆ "ಬೇಡ" ಎಂದರು. ಅದಕ್ಕಿಂತ ಹೆಚ್ಚು ಒಂದು ಅಕ್ಷರ ಇಲ್ಲ.

ಮಿಸ್ ಬಿಡುವವರೇ? ಒಂದು ರವಿವಾರ ಊಟದ ಮೇಜನ್ನೇ ವೇದಿಕೆ ಮಾಡಿಕೊಂಡರು. ಅತ್ತೆಯ ಎದುರು ಕೂತು ಮೊದಲು ವೈದ್ಯಕೀಯ ಕಾರಣ, ಆಮೇಲೆ ಕುಟುಂಬದ ಕಾರಣ, ಕೊನೆಗೆ ಮನಸ್ಸಿಗೆ ನಾಟುವ ಕಾರಣ, ಹೀಗೆ ಏಣಿಯ ಮೆಟ್ಟಿಲಿನಂತೆ ಜೋಡಿಸಿ ಮಂಡಿಸಿದರು. ಅತ್ತೆಗೆ ಭಯವಿರಬಹುದು ಎಂದು ತಾವೇ ಊಹಿಸಿ ಅದಕ್ಕೂ ಉತ್ತರ ಕೊಟ್ಟರು. ಖರ್ಚಿನ ಚಿಂತೆಯಿರಬಹುದು ಎಂದು ಊಹಿಸಿ ಅದನ್ನೂ ಕೆಡವಿದರು. ಗಂಡನಿಗೆ ಅತ್ತ ದರಿ, ಇತ್ತ ಪುಲಿ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟುಗಳನ್ನು ದಿನಾ ಬಿಡಿಸುವ ಆ ಮನುಷ್ಯ, ತಾಯಿಗೂ ಹೆಂಡತಿಗೂ ನಡುವೆ ತಾನೇ ಸಿಕ್ಕಿಕೊಂಡು ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದ.

ಎಲ್ಲ ಮುಗಿದ ಮೇಲೆ ಅತ್ತೆ, "ನೀನು ಹೇಳೋದೇ ಸರಿ ಕಣಮ್ಮ" ಎಂದರು.

ಮಿಸ್ ಗೆದ್ದೆ ಎಂದುಕೊಂಡರು. ಹಿಂದೆ ಮಾವನವರಿಗೆ ಹುಷಾರಿಲ್ಲದಾಗ ದೊಡ್ಡಾಸ್ಪತ್ರೆಗೆ ಸೇರಿಸೋಣ ಎಂದು ವಾದಿಸಿದಾಗಲೂ ಅತ್ತೆ ಹೀಗೇ, ಇದೇ ಮಾತಿನಲ್ಲಿ ಒಪ್ಪಿದ್ದರು. ಸರಿ, ಆಸ್ಪತ್ರೆಯಲ್ಲಿ ದಿನ ಗೊತ್ತಾಯಿತು, ಗಂಡ ರಜೆ ಹಾಕಿದ. ಆ ದಿನ ಬೆಳಗ್ಗೆ ಅತ್ತೆ ಸ್ನಾನ ಮಾಡಿದರು, ತಲೆ ಬಾಚಿದರು, ನಡುಮನೆಯ ಕುರ್ಚಿಯಲ್ಲಿ ಬಂದು ಕೂತರು. ಆದರೆ ಚಪ್ಪಲಿ ಮೆಟ್ಟಲಿಲ್ಲ. ಆಟೋ ಕೆಳಗೆ ಹಾರ್ನ್ ಹೊಡೆದು ಹೊಡೆದು ಹೊರಟುಹೋಯಿತು. ಮಗ ಬೇಡಿದ, ಮೊಮ್ಮಗಳು ಅತ್ತಳು. ಅತ್ತೆ ಕದಲಲಿಲ್ಲ.

"ಸರಿ ಅಂದ್ರಲ್ಲ ಅತ್ತೆ ನೀವು!"

"ಸರಿ ಅಂದೆ. ಬರ್ತೀನಿ ಅಂದ್ನಾ?"

ಮಿಸ್ ಆಸ್ಪತ್ರೆಗೆ ಫೋನ್ ಮಾಡಿ, ಇವತ್ತು ಬರುವುದಿಲ್ಲ ಎಂದಷ್ಟೇ ಹೇಳಿ ಇಟ್ಟರು. ಅವರ ಬದುಕಿನಲ್ಲಿ ಅದು ಅಪರೂಪ.

ಮಗಳು ಲ್ಯಾಬಿನಲ್ಲಿ ಎದ್ದು ಕೇಳಿದ್ದರ ಹಿಂದೆ ಇಷ್ಟು ಕಥೆಯಿತ್ತು. ಅವತ್ತು ಸಂಜೆ ತಾಯಿ ಮಗಳು ಬಸ್ಸಿಗೆ ಕಾಯುವಾಗ ಮಿಸ್ ಸ್ವಲ್ಪ ಸಿಡುಕಿನಿಂದಲೇ, "ಎಲ್ಲರೆದುರಿಗೆ ಕೇಳಬೇಕಿತ್ತಾ?" ಎಂದರು.

"ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಅನ್ನೋ ಗಾದೆ ಹೇಳಿಕೊಟ್ಟಿದ್ದು ನೀನೇ ಅಲ್ವಾ ಅಮ್ಮ," ಮಗಳು ಹೇಳಿದಳು. ಆಮೇಲೆ ದನಿ ತಗ್ಗಿಸಿ, "ನಾನು ಪ್ರಯತ್ನ ಮಾಡಿದೆ. ಭಯನಾ ಅಜ್ಜಿ ಅಂದೆ, ಅಲ್ಲ ಅಂದ್ರು. ನೋವಾಗುತ್ತೆ ಅಂತಾನಾ ಅಂದೆ, ಅಲ್ಲ. ವಯಸ್ಸಾಯ್ತು ಇನ್ಯಾಕೆ ಅಂತಾನಾ ಅಂದೆ, ತಲೆಗೆ ಮೊಟಕಿದ್ರು. ಕೊನೆಗೆ, ನಿಮ್ಮಮ್ಮ ಕೇಳಲಿ ನೋಡೋಣ ಅಂದ್ರು."

"ನಾನು ಕೇಳಿದೀನಲ್ಲ!"

"ನೀನು ಕೇಳಿಲ್ಲಮ್ಮ. ನೀನು ಹೇಳಿದೀಯ."

ಬಸ್ಸು ಬಂತು. ಮಗಳು ಹತ್ತಿದಳು, ಮಿಸ್ ಹತ್ತುವುದನ್ನೇ ಮರೆತು ನಿಂತಿದ್ದರು. ಕಂಡಕ್ಟರ್ ಗದರಿಸಿದ ಮೇಲೆ ಹತ್ತಿದರು.

ಮರುದಿನ ಮಧ್ಯಾಹ್ನ ಅತ್ತೆ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಬಟಾಣಿ ಬಿಡಿಸುತ್ತಿದ್ದರು. ಬೆಳಗಿನ ಜಾವವೇ ಮತ್ತೊಮ್ಮೆ ನೋವು ಬಂದು ಹೋಗಿತ್ತು, ಮುಖ ಸುಣ್ಣದಂತೆ ಬಿಳಿಚಿತ್ತು. ಫೋನಿನಲ್ಲಿ ಸರ್ಜನ್, ಮುಂದಿನ ಸಲಕ್ಕೆ ಕಾಯಬೇಡಿ ಎಂದು ಗಂಡನಿಗೆ ಹೇಳಿದ್ದರು. ಮಿಸ್ ಹೋಗಿ ಅತ್ತೆಯ ಎದುರು ಕಾಲು ಮಡಿಸಿ ಕೂತು ಒಂದು ಹಿಡಿ ಕಾಯಿ ತಮ್ಮ ಮಡಿಲಿಗೆ ಎಳೆದುಕೊಂಡರು.

"ಅತ್ತೆ, ಇವತ್ತು ನಾನು ವಾದ ಮಾಡಲ್ಲ. ನಿಮ್ಮ ಮನಸ್ಸಿನಲ್ಲಿ ಇರೋದನ್ನ ನಾನು ಹೇಳ್ತೀನಿ. ಸರಿಯಿದ್ರೆ ಹೂಂ ಅನ್ನಿ."

"ನಿನ್ನ ಶಾಲೆ ಆಟ ನನ್ನ ಹತ್ರ ಬೇಡ."

"ನಾನು ಕೇಳಲಿ ಅಂದಿದ್ದು ನೀವೇ ಅಲ್ವಾ?"

ಅತ್ತೆ ಒಂದು ಕಾಯಿ ಸೀಳಿದರು. ಬೇಡ ಅನ್ನಲಿಲ್ಲ.

"ನಮಗೆಲ್ಲ ತೊಂದರೆ ಆಗುತ್ತೆ ಅಂತ."

"ಇಲ್ಲ."

"ಆಸ್ಪತ್ರೆ ಅಂದ್ರೇನೇ ನಿಮಗೆ ಆಗಲ್ಲ. ಮಾವ ಹೋಗಿದ್ದು ಅಲ್ಲೇ ಅಂತ."

ಅತ್ತೆಯ ಹೆಬ್ಬೆರಳು ಒಂದು ಕ್ಷಣ ತಡೆಯಿತು. "ಇಲ್ಲ. ಹತ್ತಿರ ಬಂದೆ. ಆದ್ರೆ ಇಲ್ಲ."

ಮಿಸ್ಸಿನ ನಾಲಿಗೆಯ ತುದಿಯಲ್ಲಿ ಒಂದು ದೊಡ್ಡ "ಆದರೆ" ಬಂದು ಕೂತಿತು. ಹತ್ತಿರ ಬಂದೆ ಅಂದರೆ ಅರ್ಥವೇನು, ಆಸ್ಪತ್ರೆ ಈಗ ಮೊದಲಿನಂತಿಲ್ಲ, ಇದು ಬೇರೆ ಆಸ್ಪತ್ರೆ, ಇವರು ಬೇರೆ ಡಾಕ್ಟರು... ಎಲ್ಲ ಸಾಲುಗಟ್ಟಿ ನಿಂತಿತ್ತು. ಅವರು ಅದನ್ನು ನುಂಗಿದರು. ಸುಲಭವಾಗಿರಲಿಲ್ಲ. ಮಕ್ಕಳಿಗೆ ಇಷ್ಟು ವರ್ಷ ಇದನ್ನು ಎಷ್ಟು ಸಲೀಸಾಗಿ ಹೇಳಿಕೊಟ್ಟೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಇಬ್ಬರೂ ಬಟಾಣಿ ಬಿಡಿಸಿದರು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಆಗ ಮಿಸ್ಸಿಗೆ ಒಂದು ನೆನಪು ಬಂತು. ಮಹಡಿ ಮೇಲಿನ ಮನೆಯಾಕೆಗೆ ಈಚೆಗೆ ಹರ್ನಿಯಾ ಆಪರೇಷನ್ ಆಗಿತ್ತು. ಆಕೆ ಅರೆ ಮತ್ತಿನಲ್ಲಿ ಕಣ್ಣು ಬಿಟ್ಟವಳೇ, ಹಾಸಿಗೆಯ ಪಕ್ಕ ನಿಂತಿದ್ದ ನಾದಿನಿಯ ಎದುರಿಗೇ ಗಂಡನಿಗೆ, "ನಿಮ್ಮ ತಂಗಿ ಕೊಟ್ಟ ಗೋಡೆ ಗಡಿಯಾರ ಕಳುವಾಗಿಲ್ಲ ಕಣ್ರೀ, ನಾನೇ ಮಾರಿದೆ, ದರಿದ್ರ ಗಡಿಯಾರ" ಎಂದು ಆಸ್ಪತ್ರೆಯೆಲ್ಲ ಕೇಳುವಂತೆ ಹೇಳಿಬಿಟ್ಟಿದ್ದಳಂತೆ. ಮಿಸ್ ಅದನ್ನು ಊಟದ ಹೊತ್ತಿನಲ್ಲಿ ಅಭಿನಯಿಸಿ ತೋರಿಸಿದ್ದರು. ಗಂಡ ನಕ್ಕು ನಕ್ಕು ನೀರು ಗಂಟಲಿಗೆ ಸಿಕ್ಕಿಸಿಕೊಂಡಿದ್ದ. ಅತ್ತೆ ಒಬ್ಬರೇ ನಕ್ಕಿರಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದುಹೋಗಿದ್ದರು.

"ಅತ್ತೆ," ಮಿಸ್ ತಡೆದು ತಡೆದು ಹೇಳಿದರು, "ಮತ್ತಿನಲ್ಲಿ ಏನಾದ್ರೂ ಬಾಯಿಬಿಟ್ಟುಬಿಡ್ತೀನಿ ಅಂತಾನಾ?"

ಅತ್ತೆ ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹೂಂ."

"ಯಾರ ಮುಂದೆ?" ಎಂದು ಕೇಳಬೇಕೆಂದಿದ್ದ ಮಿಸ್ ಅಲ್ಲೇ ನಿಲ್ಲಿಸಿದರು. ಕೇಳುವುದಲ್ಲ, ಹೇಳಬೇಕು. ನಿಯಮ ನಿಯಮವೇ. ಆಸ್ಪತ್ರೆಯಲ್ಲಿ ಅತ್ತೆಯ ಪಕ್ಕ ಕೂರುವವರು ಯಾರು? ಮಗ ಅಲ್ಲ, ಮೊಮ್ಮಗಳಲ್ಲ.

"ನನ್ನ ಮುಂದೆ."

"ಹೂಂ."

"ನನ್ನ ಬಗ್ಗೆ."

ಅತ್ತೆ ಈ ಸಲ ಹೂಂ ಅನ್ನಲಿಲ್ಲ. ಕಣ್ಣು ಒರೆಸಿಕೊಂಡರು. "ಬೇಡ ಬಿಡಮ್ಮ. ದಿನಾ ಬೆಳಗ್ಗೆ ನನ್ನ ಕೈಗೆ ಟೀ ಕೊಡೋಳು ನೀನು. ಆಡಿದ ಮಾತು, ಒಡೆದ ಮುತ್ತು. ಒಂದು ಸಲ ಬಾಯಿಂದ ಬಿತ್ತು ಅಂದ್ರೆ ನಾಳೆಯಿಂದ ಆ ಟೀ ಹೇಗೆ ಕುಡೀಲಿ? ಕಲ್ಲು ಒಳಗೇ ಇರಲಿ ಬಿಡು. ಅದಕ್ಕಿಂತ ದೊಡ್ಡದು ಒಳಗಿಟ್ಟುಕೊಂಡಿದೀನಿ."

ಮಿಸ್ ಮಡಿಲಿನ ಕಾಯಿಗಳನ್ನು ಪಕ್ಕಕ್ಕೆ ಸರಿಸಿದರು. "ಹೇಳಿ ಅತ್ತೆ. ಟೀ ನಾನು ಕೊಟ್ಟೇ ಕೊಡ್ತೀನಿ."

ಆಗ ಅತ್ತೆ ಹೇಳಿದರು. ಮಾವನವರು ಕೊನೆಯ ಸಲ ಹಾಸಿಗೆ ಹಿಡಿದಾಗ ಹತ್ತಿರದ ನರ್ಸಿಂಗ್ ಹೋಮಿನವರು ಕೈಚೆಲ್ಲಿದ್ದರು. ಮನೆಗೆ ಕರೆದೊಯ್ಯಿರಿ, ಇಲ್ಲವೇ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದಿದ್ದರು. ವರಾಂಡದಲ್ಲಿ ಸೊಸೆ ಗಂಡನಿಗೂ ನೆಂಟರಿಗೂ ದೊಡ್ಡಾಸ್ಪತ್ರೆಯೇ ಯಾಕೆ ಸರಿ ಎಂದು ವಿವರಿಸುತ್ತಿದ್ದಳು. ಒಳಗೆ ಮಾವ, ಉಸಿರಿನ ನಡುವೆ ಬಿಡುವು ಮಾಡಿಕೊಂಡು, ಹೆಂಡತಿಯ ಕೈ ಹಿಡಿದು ಒಂದು ಮಾತು ಹೇಳಿದ್ದರು. ಸಾಕು, ಮನೆಗೆ ಹೋಗೋಣ ಅಂತ ಅವಳಿಗೆ ಹೇಳು. ಮಗನಿಗಲ್ಲ, ಸೊಸೆಗೆ. ಮನೆಯಲ್ಲಿ ನಡೆಯುವುದು ಯಾರ ಮಾತು ಎಂದು ಅವರಿಗೂ ಗೊತ್ತಿತ್ತು.

"ನಾನು ಹೊರಗೆ ಬಂದೆ. ನೀನು ಮಾತಾಡ್ತಿದ್ದೆ. ಅಮ್ಮಾ, ಒಂದು ಮಾತು ಅಂದೆ. ಒಂದೇ ನಿಮಿಷ ಅತ್ತೆ, ಇದೊಂದು ಮುಗಿಸ್ತೀನಿ ಅಂದೆ ನೀನು. ಮುಗಿಸಿದೆ. ಎಷ್ಟು ಚೆನ್ನಾಗಿ ಹೇಳಿದ್ದೆ ಅಂದ್ರೆ, ಎಲ್ಲರೂ ತಲೆದೂಗಿದ್ರು. ನನಗೂ ಸರಿ ಅನ್ನಿಸ್ತು. ನೀನು ಹೇಳೋದೇ ಸರಿ ಕಣಮ್ಮ ಅಂದುಬಿಟ್ಟೆ. ದೊಡ್ಡಾಸ್ಪತ್ರೇಲಿ ಅವರು ಗಾಜಿನ ಬಾಗಿಲಿನ ಒಳಗೆ ಹೋದ್ರು. ಭೇಟಿ ಸಮಯ ಮುಗೀತು ಅಂತ ನಮ್ಮನ್ನ ಹೊರಗೆ ಕಳಿಸಿದ್ರು. ಆಮೇಲೆ..."

ಆಮೇಲಿನದು ಮಿಸ್ಸಿಗೆ ಗೊತ್ತಿತ್ತು. ಯಾರೂ ಹತ್ತಿರವಿಲ್ಲದಾಗ ಮಾವ ಹೋಗಿಬಿಟ್ಟಿದ್ದರು.

ಬಟಾಣಿಯ ಪಾತ್ರೆ ಇಬ್ಬರ ನಡುವೆ ಇತ್ತು. ಈಗ ಮಿಸ್ ಅದನ್ನು ತಿರುಗಿ ಹೇಳಬೇಕು.

"ಮಾವನ್ನ ದೊಡ್ಡಾಸ್ಪತ್ರೆಗೆ ಸೇರಿಸಿದ್ದು ತಪ್ಪು ಅಂತ ನೀವು..."

"ಇಲ್ಲ. ಅದು ಸರಿನೇ ಇತ್ತು. ಉಳಿದಿದ್ರೆ ನಿನ್ನ ಕಾಲು ಮುಟ್ಟಿರ್ತಿದ್ದೆ."

"ನಾನು ಹಟ ಮಾಡಿದೆ ಅಂತ."

"ಇಲ್ಲಮ್ಮ. ನೀನು ಅವರ ಮೇಲಿನ ಪ್ರೀತಿಗೇ ಮಾಡಿದ್ದು. ಅದು ನನಗೆ ಗೊತ್ತಿಲ್ವಾ? ನೀನು ತಪ್ಪು ಮಾಡಿದ್ರೆ ಜಗಳ ಆಡಬಹುದಿತ್ತು. ಸರಿ ಇರೋರ ಹತ್ರ ಹೇಗೆ ಜಗಳ ಆಡೋದು?"

ಮಿಸ್ ಸೆರಗಿನಿಂದ ಮೂಗೊರೆಸಿಕೊಂಡರು. ಆಮೇಲೆ ಮೈಕು ಹೇಳಿದ ಹಾಗೆ, ಮೆಲ್ಲಗೆ, ಒಂದೊಂದೇ ಮಾತು ಹೇಳಿದರು.

"ಮಾವ ನನಗೆ ಅಂತ ಒಂದು ಮಾತು ಕಳಿಸಿದ್ರು. ನೀವು ಅದನ್ನ ತಂದ್ರಿ. ನಾನು ತಗೊಳ್ಳಲಿಲ್ಲ. ಎಲ್ಲರ ಕರೆನೂ ಮುಟ್ಟಿಸಿದೋರು ನೀವು, ಅವರದೊಂದು ಕರೆ ಮುಟ್ಟಿಸೋಕೆ ಆಗಲಿಲ್ಲ. ಅದು ಇನ್ನೂ ನಿಮ್ಮ ಕೈಯಲ್ಲೇ ಇದೆ."

ಅತ್ತೆ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು.

"ಹೂಂ," ಎಂದರು. "ಅದೇ. ಅಷ್ಟೇ."

ನಿಯಮದ ಪ್ರಕಾರ ಈಗ ಉತ್ತರ ಕೊಡುವ ಹಕ್ಕು ಬಂದಿತ್ತು. ಅತ್ತೆಗೂ ಆ ನಿಯಮ ಮೊಮ್ಮಗಳ ಬಾಯಿಂದ ಕೇಳಿ ಗೊತ್ತಿತ್ತು. "ಈಗ ನಿನ್ನ ಸರದಿ. ಹೇಳು," ಎಂದರು. ಮಿಸ್ಸಿನ ಬಳಿ ಉತ್ತರವಿರಲಿಲ್ಲವೆಂದಲ್ಲ. ಆ ಹೊತ್ತಿನ ಗಡಿಬಿಡಿಯಿತ್ತು, ಡಾಕ್ಟರುಗಳು ಕೊಟ್ಟ ಆಸೆಯಿತ್ತು, ನನಗೆ ಗೊತ್ತೇ ಇರಲಿಲ್ಲ ಎಂಬ ಅಪ್ಪಟ ಸತ್ಯವಿತ್ತು. ಯಾವ ತೀರ್ಪುಗಾರರಾದರೂ ಪೂರ್ತಿ ಅಂಕ ಕೊಡುತ್ತಿದ್ದರು. ಮಿಸ್ ಅದನ್ನೆಲ್ಲ ಬದಿಗಿಟ್ಟರು. ಅತ್ತೆಯ ಮೊಣಕಾಲಿನ ಮೇಲೆ ಹಣೆಯಿಟ್ಟು, ಚಿಕ್ಕ ಮಗುವಿನ ಹಾಗೆ ದನಿಯೆತ್ತಿ ಅತ್ತರು. ಮಾವನವರು ಅವರಿಗೂ ಅಪ್ಪನಂತೆಯೇ ಇದ್ದವರು. ಆ ದುಃಖವನ್ನು ಅವರು ಅವತ್ತೂ ಮಾತಿನಲ್ಲೇ ಮುಚ್ಚಿಹಾಕಿದ್ದರು.

ಅತ್ತೆಯ ಕೈ ಅವರ ತಲೆಯ ಮೇಲೆ ಬಂತು. "ಸಾಕು ಸಾಕು. ಬಟಾಣಿಗೆ ಉಪ್ಪು ನಾನು ಆಮೇಲೆ ಹಾಕ್ತೀನಿ, ನೀನೇ ಸುರೀಬೇಡ."

ಮಿಸ್ಸಿಗೆ ಅಳುವಿನ ನಡುವೆಯೇ ನಗು ಬಂತು. ಅತ್ತೆಗೂ ಬಂತು.

"ಇನ್ನು ಒಳಗೆ ಏನೂ ಉಳಿದಿಲ್ಲ," ಅತ್ತೆ ಸಿಪ್ಪೆಗಳನ್ನು ಒಟ್ಟುಮಾಡುತ್ತಾ ಹೇಳಿದರು. "ಆ ಕಲ್ಲೊಂದಿದೆ. ಅದನ್ನ ತೆಗೀಲಿ. ಡಾಕ್ಟರಿಗೆ ಫೋನ್ ಮಾಡು."

ಆಪರೇಷನ್ನಿನ ದಿನ ಅತ್ತೆ ಎಲ್ಲರಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಸುಸೂತ್ರವಾಗಿ ಮುಗಿಯಿತು. ಸರ್ಜನ್ ಹೊರಬಂದು, ಏನೂ ತೊಂದರೆಯಿಲ್ಲ, ನಿಧಾನವಾಗಿ ಎಚ್ಚರವಾಗುತ್ತಾರೆ ಎಂದರು. ಗಂಡ ಮಗಳನ್ನು ಕರೆದುಕೊಂಡು ಔಷಧಿ ತರಲು ಹೋದ. ಮಿಸ್ ಒಬ್ಬರೇ ಅತ್ತೆಯ ಹಾಸಿಗೆಯ ಪಕ್ಕ ಉಳಿದರು. ಉದ್ದನೆಯ ವಾರ್ಡು, ಹಸಿರು ಪರದೆಗಳು, ಫಿನಾಯಿಲಿನ ವಾಸನೆ.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಂದರು. ಬೆಳಗಿನಿಂದ ನಿಂತೇ ಇದ್ದ ಕಾಲು, ಬತ್ತಿದ ಮುಖ. "ಭೇಟಿ ಸಮಯ ಮುಗೀತಮ್ಮ. ಹೊರಗೆ ನಡೀರಿ."

ಭೇಟಿ ಸಮಯ ಮುಗೀತು. ಅವತ್ತು ಗಾಜಿನ ಬಾಗಿಲಿನ ಹೊರಗೆ ಕೇಳಿದ್ದೂ ಇದೇ ಮಾತು. ಇವತ್ತು ಮಾತ್ರ ಅವರು ಹೊರಗೆ ಹೋಗುವವರಲ್ಲ. ಇಡೀ ಆಸ್ಪತ್ರೆಯನ್ನೇ ಎದುರಿಗೆ ಕೂರಿಸಿಕೊಂಡು ವಾದಿಸಲು ತಯಾರಿದ್ದರು. ಮೊದಲ ವಾಕ್ಯ ಬಾಯಿಗೆ ಬಂದೂ ಆಗಿತ್ತು. ಅದನ್ನು ಅಲ್ಲೇ ತಡೆದರು.

"ನೀವು ಹೇಳೋದೇನು ಅಂದ್ರೆ ಸಿಸ್ಟರ್, ಜನ ಇದ್ರೆ ರೋಗಿಗಳಿಗೆ ಸೋಂಕು ತಗಲುತ್ತೆ ಅಂತ."

"ಅದೂ ಹೌದು," ಸಿಸ್ಟರ್ ಬೇಸರದಿಂದ ಹೇಳಿದರು.

"ಆದ್ರೆ ಅದಲ್ಲ. ನನ್ನನ್ನ ಬಿಟ್ರೆ ಬಾಗಿಲಾಚೆ ಇರೋ ಅಷ್ಟೂ ಜನ ಬಂದು, ಅವರನ್ನ ಬಿಟ್ರಿ ನಮ್ಮನ್ಯಾಕೆ ಬಿಡಲ್ಲ ಅಂತ ನಿಮ್ಮ ಜೀವ ತಿಂತಾರೆ. ಬೈಸಿಕೊಳ್ಳೋರು ನೀವೊಬ್ಬರೇ."

ಸಿಸ್ಟರ್ ಕೈಯಲ್ಲಿದ್ದ ಟ್ರೇಯನ್ನು ಹಾಸಿಗೆಯ ತುದಿಗೆ ಇಟ್ಟರು. ಬೆಳಗಿನಿಂದ ಅವರ ಕಷ್ಟವನ್ನು ಯಾರೂ ಅವರಿಗೆ ಹೇಳಿರಲಿಲ್ಲವೆಂದು ಕಾಣುತ್ತದೆ. "ಹೂಂ ಕಣಮ್ಮ," ಎಂದರು. "ನೋಡಿ, ಅದೇ."

"ಇವರ ಯಜಮಾನರು ಹೋದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ ಸಿಸ್ಟರ್," ಮಿಸ್ ಅಷ್ಟೇ ಹೇಳಿದರು. ಎರಡನೆಯ ಕಾರಣ, ಮೂರನೆಯ ಕಾರಣ, ಯಾವುದನ್ನೂ ತೆಗೆಯಲಿಲ್ಲ.

ಸಿಸ್ಟರ್ ಅತ್ತ ಇತ್ತ ನೋಡಿ, ಒಂದು ಗಿಡ್ಡ ಸ್ಟೂಲನ್ನು ಕಾಲಿನಿಂದಲೇ ಹಾಸಿಗೆಯ ಗೋಡೆ ಬದಿಗೆ ತಳ್ಳಿದರು. "ಕೂತ್ಕೊಳ್ಳಿ. ಪರದೆ ಎಳೀತೀನಿ. ಆದ್ರೆ ಒಂದು ಮಾ‌ತೂ ಆಡಬಾರದು, ಗೊತ್ತಾಯ್ತಾ?"

"ಆಡಲ್ಲ," ಎಂದರು ಮಿಸ್. ಗಂಡ ಅಲ್ಲಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

ಪರದೆಯ ಹಿಂದೆ, ಗಿಡ್ಡ ಸ್ಟೂಲಿನ ಮೇಲೆ, ಮಿಸ್ ಅತ್ತೆಯ ಕೈ ಹಿಡಿದು ಕೂತರು. ಬಹಳ ಹೊತ್ತಿನ ಮೇಲೆ ಆ ಕೈ ಅಲುಗಿತು. ಕಣ್ಣು ತೆರೆಯಲಿಲ್ಲ, ತುಟಿ ಮಾತ್ರ ಆಡಿತು. ಮಿಸ್ ಬಗ್ಗಿ ಕಿವಿಯನ್ನು ತುಟಿಯ ಬಳಿಗೆ ಒಯ್ದರು. ಮನೆಯಲ್ಲಿ ಯಾವತ್ತೂ ಕೇಳಿರದ, ಎಕ್ಸ್‌ಚೇಂಜಿನ ಹಳೆಯ ದನಿಯಲ್ಲಿ ಅತ್ತೆ ಮಾತಾಡುತ್ತಿದ್ದರು.

"ಹಲೋ... ಲೈನಿನಲ್ಲೇ ಇರಿ... ಇಡಬೇಡಿ... ಅಮ್ಮಾ, ನಿನಗೆ ಕರೆ ಬಂದಿದೆ."

ಮಿಸ್ ಇನ್ನಷ್ಟು ಬಗ್ಗಿದರು.

"ಸಾಕಂತೆ... ಮನೆಗೆ ಹೋಗೋಣ ಅಂತಿದಾರೆ."

ಪರದೆಯಾಚೆ ಟ್ರಾಲಿಯೊಂದು ಕಿರುಗುಟ್ಟುತ್ತಾ ಹೋಯಿತು. ಮಿಸ್ ಅದು ದೂರವಾಗುವವರೆಗೆ ಕಾದರು. ಸಿಸ್ಟರಿಗೆ ಕೊಟ್ಟ ಮಾತನ್ನು ಒಂದೇ ಒಂದು ಸಲ ಮುರಿದರು.

"ಹೂಂ," ಎಂದರು. "ಹೋಗೋಣ ಅಂತ ಹೇಳಿ ಅತ್ತೆ."

ಅತ್ತೆಯ ಬೆರಳುಗಳು, ತಂತಿಯನ್ನು ಬೋರ್ಡಿನಿಂದ ಹೊರಗೆಳೆಯುವ ಹಾಗೆ, ಗಾಳಿಯಲ್ಲಿ ಒಮ್ಮೆ ಆಡಿದವು. ಆಮೇಲೆ ಅವರು ನಿದ್ದೆ ಹೋದರು.